ಊರಿಗೆ ಮರಳಿದ ದಿನದ ತೂಕ

ಆಪಾರ ಬಲಗೈ ಹೆಬ್ಬೆರಳಿನ ಉಗುರು ಅರ್ಧ ಕಪ್ಪಾಗಿತ್ತು. ಮಕ್ಕಳನ್ನು ತೂಗುವ ಕಾಟಾದ ಕೊಂಡಿಗೆ ಸಿಕ್ಕಿ ಜಜ್ಜಿದ್ದು ಎಂದು ಅವರೇ ಹೇಳಿದ ನೆನಪು. ಬಲಗೈಯೇ ಎಂದು ಈಗ ಆಣೆ ಮಾಡಿ ಹೇಳಲಾರೆ. ನನ್ನ ದಿನಚರಿಯಲ್ಲಿ ಅದು ಇಲ್ಲ. ಅವರ ಮಾತುಗಳನ್ನು ಮಾತ್ರ ಅಂದಂದೇ ಬರೆದಿಟ್ಟುಕೊಂಡಿದ್ದೆ. ಅವನ್ನು ನಂಬುತ್ತೇನೆ.

ಅವರು ನನ್ನ ಪ್ರಾಧ್ಯಾಪಕಿ, ಆಳಂದದವರು. ಹಳ್ಳಿಯ ಹೆಂಗಸರು ಅಕ್ಕ ಎಂಬರ್ಥದಲ್ಲಿ ಆಪಾ ಎನ್ನುತ್ತಿದ್ದರು. ಬರಬರುತ್ತ ನಾವು ವಿದ್ಯಾರ್ಥಿನಿಯರೂ ಹಾಗೇ ಕರೆಯತೊಡಗಿದೆವು. ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಕೆಲವು ಊರುಗಳಲ್ಲಿ ಅವೇ ಮಕ್ಕಳನ್ನು ಹುಟ್ಟಿದಾಗಿನಿಂದ ವರ್ಷ ವರ್ಷ ತೂಗಿ, ಎತ್ತರ ಅಳೆದು, ಬೆಳೆಯುವ ಬಗೆಯನ್ನು ಗಮನಿಸುವುದು ಅವರ ಅಧ್ಯಯನ. ಹೊಸ ಊರಿಗೆ ಕಾಲಿಟ್ಟರೆ ಮೊದಲ ಪ್ರಶ್ನೆ ಒಂದೇ: "ನಿಮ್ಮೂರಾಗ ಹೊಟ್ಟಿ ತುಂಬೂದು ಯಾವಾಗ, ಖಾಲಿ ಆಗೂದು ಯಾವಾಗ?"

ತೂಗುವುದು ಮಾತ್ರ ಜನವರಿಯಲ್ಲಿ. ಆಗ ಸುಡುಬಿಸಿಲಿರುವುದಿಲ್ಲ, ಜೀಪು ಸಿಗುತ್ತದೆ, ನಮಗೂ ಬಿಡುವು. ಆದರೆ ಆ ಊರುಗಳಲ್ಲೊಂದಾದ ಹಿರೋಳ್ಳಿಯಲ್ಲಿ ಆ ತಿಂಗಳು ಎಷ್ಟೋ ಮನೆಗಳಿಗೆ ಬೀಗ. ದೀಪಾವಳಿ ಹೊತ್ತಿಗೆ ಮಕ್ಕಳನ್ನು ಕಟ್ಟಿಕೊಂಡು ಗಡಿಯಾಚೆ ಕಬ್ಬು ಕಡಿಯಲು ಹೋದವರು ಮರಳುವುದು ಯುಗಾದಿಗೆ. ಎರಡು ಸಲ ಸಿಗದ ಮಕ್ಕಳ ಹೆಸರು ಕೈಬಿಡಿ ಎಂದು ಹಣ ಕೊಡುವ ಸಂಸ್ಥೆಯ ಅಧಿಕಾರಿ ಕಲಬುರಗಿಯ ಸಭೆಯಲ್ಲಿ ಹೇಳಿದಾಗ ಆಪಾ ಎದ್ದು ನಿಂತರು.

"ಊರಾಗ ಉಳದವರನ್ನಷ್ಟೇ ತೂಗಿ, ಎಲ್ಲಾರೂ ಛಲೋ ಬೆಳ್ಯಾಕತ್ತಾರ ಅಂತ ಹ್ಯಾಂಗ ಬರೀಲ್ರಿ? ಹೋಗೂ ಮುಂದ ಒಮ್ಮೆ, ಬಂದ ದಿನ ಒಮ್ಮೆ ತೂಗ್ತೇನಿ."

"ಹಳೇ ವರ್ಷಗಳ ಜೊತೆ ಹೋಲಿಸೋದು ಹೇಗೆ ಮೇಡಂ?"

"ಜನವರಿದು ಬಿಡಂಗಿಲ್ಲ. ಅದರ ಸಂಗಟ ಇವೆರಡು ಕೂಡಸ್ತೇನಿ."

ಒಂದು ಸೀಜನ್ ಗಡುವು ಸಿಕ್ಕಿತು. ಎರಡೂ ತೂಕ ತಂದರೆ ಆ ಮಕ್ಕಳು ಅಧ್ಯಯನದಲ್ಲಿ ಉಳಿಯುತ್ತಾರೆ. ಇಲ್ಲವಾದರೆ ಇಲ್ಲ.

ಹೋಗುವ ಮುಂಚಿನ ತೂಕ ಸಲೀಸಾಗಿ ಮುಗಿಯಿತು. ಮರಳುವ ದಿನ ಬೇವಿನ ಮರಕ್ಕೆ ಕಾಟಾ ಕಟ್ಟಿ ಕಾದೆವು. ಒಬ್ಬರು ಮುಳ್ಳು ನೋಡಿ ತೂಕ ಕೂಗುವುದು, ಇನ್ನೊಬ್ಬರು ಬರೆಯುವುದು ನಮ್ಮ ಪದ್ಧತಿ. ಕೂಗುವ ಕೆಲಸ ನನ್ನದು. ಟ್ರ್ಯಾಕ್ಟರಿನಿಂದ ಮಗನನ್ನು ಸೊಂಟಕ್ಕೇರಿಸಿಕೊಂಡು ಇಳಿದ ತಾಯಿಯೊಬ್ಬಳನ್ನು ಅವಳ ಅತ್ತೆ ಎಲ್ಲರೆದುರೇ ತಿವಿದಳು: "ಏನ ಬೇ, ಕಬ್ಬು ಕಡದು ಕಡದು ಕೂಸನ್ನೂ ಅದರ ಜಲ್ಲೆ ಹಂಗ ಸಣಕಲ ಮಾಡಿ ತಂದೀ?"

ಅವಳು ಕಾಟಾದ ಹತ್ತಿರವೇ ಬರಲಿಲ್ಲ. "ಇವತ್ತ ಬ್ಯಾಡ್ರಿ ಆಪಾ. ಹದಿನೈದು ದಿನ ಮನ್ಯಾಗ ಉಣ್ಣಲಿ, ಆಮ್ಯಾಲ ತೂಗ್ರಿ."

ಉಳಿದವರೂ ಹಿಂದೆ ಸರಿದರು. ದಣಿದು ಬಂದವರು, ಕಾಯುವುದೇ ಸರಿ ಎಂದು ನನಗೂ ಅನಿಸಿತ್ತು. ಆಪಾ ಅವಳ ಪಕ್ಕ ಗಂಟಿನ ಮೇಲೆ ಕುಳಿತರು.

"ಹದಿನೈದು ದಿನ ಬಿಟ್ಟರ ನಿಮ್ಮತ್ತಿ ರೊಟ್ಟಿ ತೂಗಿದಂಗ ಆಗ್ತದ. ಅಲ್ಲಿ ಕೂಸಿಗಿ ಏನಾತು ಅಂತ ನನಗ ಬೇಕು. ನೀ ಬ್ಯಾಡ ಅಂದ್ರ ಮುಟ್ಟಂಗಿಲ್ಲವ್ವಾ. ಖರೇ, ಯಾಕ ಬ್ಯಾಡ ಅಷ್ಟು ಹೇಳು."

ಅವಳು ನನ್ನತ್ತ ಕಣ್ಣು ಹೊರಳಿಸಿದಳು. "ಈ ಅಕ್ಕಾರು ಒದರತಾರಲ್ರಿ, ಅದಕ್ಕ. ಇಡೀ ಊರಿಗಿ ಕೇಳ್ತದ. ನಾಳಿ ನೀರಿಗಿ ಹೋದಲ್ಲಿ ನನ್ನ ಆಡಕೋತಾರ."

ಆಪಾ ತಾವೇ ಮರದಿಂದ ಕಾಟಾ ಬಿಚ್ಚಿದರು. ಅವಳ ಮನೆಯೊಳಗಿನ ತೊಲೆಗೆ ಕಟ್ಟಿ ಬಾಗಿಲು ಮುಚ್ಚಿಸಿದರು. ಅತ್ತೆ ಬಾಗಿಲು ಬಡಿದಳು: "ನಾ ಕೂಸಿನ ಅಜ್ಜಿ, ನನಗರೆ ಹೇಳ್ರಿ!"

"ಒಳಗ ಬರ್ರಿ, ನಿಮ್ಮನ್ನೂ ತೂಗ್ತೇನಿ. ಅದನ್ನ ಬೇಕಾದ್ರ ಊರಿಗೆಲ್ಲಾ ಒದರತೇನಿ!"

ಹೊರಗೆ ನಗು ಎದ್ದಿತು. ಒಳಗೆ ತೂಕ ಯಾರ ಬಾಯಿಂದಲೂ ಬರಲಿಲ್ಲ. ಆಪಾ ಮುಳ್ಳು ನೋಡಿದರು, ತಾಯಿಗೆ ತೋರಿಸಿದರು, ನಾನು ಸುಮ್ಮನೆ ಬರೆದುಕೊಂಡೆ. ಆಮೇಲೆ ಉಳಿದ ತಾಯಂದಿರೂ ಒಬ್ಬೊಬ್ಬರಾಗಿ ಬಂದರು. ಎಷ್ಟೋ ಮಕ್ಕಳು ಹೋಗುವಾಗಿನದಕ್ಕಿಂತ ಹಗುರಾಗಿದ್ದವು. ಜನವರಿಯ ಕಾಟಾಕ್ಕೆ ಒಮ್ಮೆಯೂ ಕಾಣದ ಸಂಗತಿ ಅದು. ಹೆಸರುಗಳು ಉಳಿದವು. ಮುಂದೆ ಆಪಾ ಜೇವರ್ಗಿಯ ಊರುಗಳಲ್ಲೂ ತೊಗರಿ ರಾಶಿಯ ಕಾಲ ನೋಡಿಕೊಂಡೇ ತೂಗುವ ದಿನ ಗೊತ್ತುಮಾಡಿದರು.

ಆಪಾ ತೀರಿಕೊಂಡ ಸುದ್ದಿ ಬಂದದ್ದು ಕೆಲವು ವರ್ಷಗಳ ಮೇಲೆ, ಹಿರೋಳ್ಳಿಯವರು ಮರಳುವ ದಿನ ಬೆಳಗ್ಗೆ. ಮಧ್ಯಾಹ್ನದ ನಮಾಜಿನ ನಂತರ ಆಳಂದದಲ್ಲಿ ಮಣ್ಣು. ನಾನು ಹಿರೋಳ್ಳಿಯ ದಾರಿಯಲ್ಲಿದ್ದೆ. ಜೀಪು ತಿರುಗಿಸಲೇ ಎಂದು ಡ್ರೈವರ್ ಕೇಳಿದ. ಅವರಿದ್ದರೆ ಏನು ಮಾಡುತ್ತಿದ್ದರೆಂದು ಯೋಚಿಸಿದೆ ಎಂದು ಬರೆಯುವ ಆಸೆಯಾಗುತ್ತದೆ. ನಿಜಕ್ಕೂ ಏನು ಯೋಚಿಸಿದೆನೋ ನೆನಪಿಲ್ಲ. ಬೇಡ ಎಂದೆ.

ಟ್ರ್ಯಾಕ್ಟರು ಬಂತು. ಅದೇ ತಾಯಿ ಈ ಸಲ ಪುಟ್ಟ ಮಗಳನ್ನು ಎತ್ತಿಕೊಂಡು ಇಳಿದಳು. ಸುದ್ದಿ ಕೇಳಿ ಅತ್ತಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಮಗುವನ್ನು ನನ್ನ ಕೈಗಿತ್ತಳು.

"ಲಗೂನ ತೂಗ್ರಿ ಅಕ್ಕಾರ. ಎಲ್ಲಾರದೂ ಮುಗಿಸಿ, ಆಪಾರ ಮುಖ ನೋಡಾಕ ಇಬ್ಬರೂ ಕೂಡೇ ಹೋಗೂಣು."

ಮುಖ ನೋಡಲು ನಮಗೆ ಸಿಗಲಿಲ್ಲ, ತೂಕ ಮುಗಿಯುವಷ್ಟರಲ್ಲಿ ಮಣ್ಣಾಗಿತ್ತು. ಅಂದಿನ ತೂಕ ಒಂದೂ ತಪ್ಪಲಿಲ್ಲ.