ಎದುರು ಮನೆಯ ಹಳೆ ನೀರು

ಬೆಟಗೇರಿಯ ನಮ್ಮ ಓಣಿಯಲ್ಲಿ ನಳಕ್ಕೆ ನೀರು ಬಂತೆಂದರೆ ಮೊದಲು ಹಳೆ ನೀರು ಚೆಲ್ಲುತ್ತಾರೆ. ಆಮೇಲೆ ಕೊಡ, ಹಂಡೆ, ಡ್ರಮ್ಮು ತಿಕ್ಕಿ ಹೊಸದನ್ನು ತುಂಬುತ್ತಾರೆ. ವಾರಗಟ್ಟಲೆ ಕಾದು ಪಡೆದ ನೀರು, ಮನೆಯ ಯಾವ ಪಾತ್ರೆಗೂ ತಪ್ಪಬಾರದು.

ಲಕ್ಷ್ಮೇಶ್ವರದಿಂದ ಬಂದಿದ್ದ ಚಿಕ್ಕಮ್ಮ ನನ್ನ ಮೀನಿನ ತೊಟ್ಟಿಗೂ ತಪ್ಪಿಸಲಿಲ್ಲ. ನಾನು ಹಾಲು ತರುವಷ್ಟರಲ್ಲಿ ತೊಟ್ಟಿಯ ನೀರನ್ನು ಮುಕ್ಕಾಲು ಭಾಗ ತೆಗೆದು ನಳದ ನೀರು ಸುರಿದಿದ್ದಳು. ನೆನಪಿನಲ್ಲಿ ಅವಳ ಸೊಂಟದ ಮೇಲೆ ತಾಮ್ರದ ಕೊಡ ಹೊಳೆಯುತ್ತದೆ. ನಮ್ಮ ಮನೆಯಲ್ಲಿ ತಾಮ್ರದ ಕೊಡವೇ ಇಲ್ಲ, ಇರುವುದು ಹಸಿರು ಪ್ಲಾಸ್ಟಿಕ್ಕಿನದು. ತಾಮ್ರ ಯಾವಾಗ ಬಂದು ಸೇರಿತೋ! ಬ್ಲೀಚಿಂಗ್ ಪುಡಿಯ ವಾಸನೆಯನ್ನು ಮಾತ್ರ ನಂಬುತ್ತೇನೆ. ಗಪ್ಪಿ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಒಂದು ನಿಯಾನ್ ಟೆಟ್ರಾ ಮೀನು ಓರೆಯಾಗಿ ಸುತ್ತುತ್ತಿತ್ತು.

“ಚಿಗವ್ವಾ, ಈ ನೀರಾಗ ಔಷಧ ಐತಿ. ಇವಕ್ಕ ನಾಕ ದಿನಾ ಇಟ್ಟ ನೀರ ಬೇಕು.”

“ಅಯ್ಯ ಶಿವನ! ನಾವು ಹೊಸಾದು ಕುಡಿಯೂದು, ಅವಕ್ಕ ಹಳೇದ್ಯಾಕ ಅಂತ ಹಾಕಿದೆ. ಸಾಯ್ತಾವೇನು?”

ನಮ್ಮ ಹಳೆ ನೀರೆಲ್ಲ ಆಗಲೇ ಗಟಾರ ಸೇರಿತ್ತು. ಹೊರಗೆ ಓಡಿದೆ. ಎದುರು ಮನೆಯಲ್ಲಿ ಸೀರೆ ನೇಯುವಾಕೆ ಮಗ್ಗದಿಂದ ತಡವಾಗಿ ಎದ್ದು, ಆಗಷ್ಟೇ ಡ್ರಮ್ಮು ಓರೆ ಮಾಡುತ್ತಿದ್ದಳು.

“ಚೆಲ್ಲಬ್ಯಾಡ್ರೀ! ಮೀನಕ್ಕ ಬೇಕು!”

“ಎಂಥಾ ಮೀನ್ರೀ ನಿಮ್ಮವು! ಮಂದಿ ಹೊಸಾ ನೀರಿಗೆ ಬಡದಾಡತಾರ, ನೀವು ಈ ಮುಗ್ಗಲ ನೀರಿಗೆ ಓಡಿ ಬಂದೀರಿ.”

ನಗುತ್ತಲೇ ಡ್ರಮ್ಮು ನೆಟ್ಟಗೆ ನಿಲ್ಲಿಸಿದಳು. ಅತ್ತ ನಳ ಹರಿಯುತ್ತಿತ್ತು, ಆಕೆ ತನ್ನದು ತುಂಬಿಕೊಳ್ಳುವುದು ಬಿಟ್ಟು ಡ್ರಮ್ಮಿನ ಹಳೆ ನೀರನ್ನು ನಮಗೆ ಬಕೀಟು ತುಂಬಿ ಕೊಡುತ್ತಿದ್ದಳು. ಮೀನುಗಳನ್ನು ಸೋಸಿ ಆ ನೀರಿಗೆ ಬಿಟ್ಟೆವು. ಡ್ರಮ್ಮು ಬರಿದಾಗುವ ಹೊತ್ತಿಗೆ ನಳ ನಿಂತಿತ್ತು. ಚಿಕ್ಕಮ್ಮ ನಮ್ಮ ತುಂಬಿದ ಕೊಡಗಳನ್ನು ಹೊತ್ತು ಆಕೆಯ ಡ್ರಮ್ಮಿಗೆ ಸುರಿದಳು.

ಮೀನುಗಳೆಲ್ಲವೂ ಬದುಕಿದವು ಎಂದು ಚಿಕ್ಕಮ್ಮ ಈಗಲೂ ಊರಲ್ಲಿ ಹೇಳುತ್ತಾಳೆ. ಓರೆಯಾಗಿದ್ದ ಟೆಟ್ರಾವನ್ನು ನಾನೇ ದಾಸವಾಳದ ಬುಡಕ್ಕೆ ಹಾಕಿದ ನೆನಪು. ಆದರೆ ತಾಮ್ರದ ಕೊಡ ಕಂಡದ್ದೂ ಇದೇ ನೆನಪಿಗೆ. ಗಪ್ಪಿಗಳಂತೂ ಮರಿ ಹಾಕಿ, ಅಂದಿನವು ಯಾವುವು, ಇಂದಿನವು ಯಾವುವು ತಿಳಿಯದಷ್ಟಾಗಿವೆ.

ನೀರು ಬಂದ ದಿನ ಎದುರಿನಿಂದ ಕೂಗು ಕೇಳುತ್ತದೆ: “ನಿಮ್ಮ ಮೀನಿನ ನೀರ ಇಟ್ಟೀನ್ರೀ! ಜಲ್ದಿ ಒಯ್ರಿ, ಡ್ರಮ್ಮ ತಿಕ್ಕಬೇಕು.”

ನಾನೂ ಈಗ ಒಂದು ಬಕೀಟು ಹಳೆ ನೀರು ಎತ್ತಿಟ್ಟಿರುತ್ತೇನೆ. ಆದರೂ ಹೋಗಿ ತರುತ್ತೇನೆ.