ಚೀಟಿ ಬಿಟ್ಟು ಬಂದ ನಾಣ್ಯ

ಹಳೆಯ ನಾಣ್ಯ ಕೂಡಿಡುವ ಹುಚ್ಚು ಹಿಡಿದವರಿಗೆ ಕೊಳ್ಳುವಾಗ ಒಂದು ಕಣ್ಣು, ಮಾರುವಾಗ ಇನ್ನೊಂದು ಕಣ್ಣು. ಕೊಳ್ಳುವಾಗ ‘ಪೂರಾ ಸವೆದಿದೆ’ ಎಂದು ಮುಖ ಸಿಂಡರಿಸಿದ ನಾಣ್ಯವೇ ನಮ್ಮ ಡಬ್ಬಿ ಸೇರಿದ ಮೇಲೆ ನಿನ್ನೆಯಷ್ಟೇ ಟಂಕಸಾಲೆಯಿಂದ ಬಂದದ್ದರಂತೆ ಕಾಣತೊಡಗುತ್ತದೆ. ಬೇರೆಯವರನ್ನು ದೂರುತ್ತಿಲ್ಲ. ನನ್ನ ಕಣ್ಣಿನ ಕಥೆಯನ್ನೇ ಹೇಳಲು ಕೂತಿದ್ದೇನೆ.

ಈಗ ನಾಣ್ಯದ ದರ್ಜೆ ಹೇಳುವುದಕ್ಕೇ ಕಂಪನಿಗಳಿವೆಯಂತೆ. ನಾಣ್ಯ ಕಳಿಸಿದರೆ ಅಂಕ ಕೊಟ್ಟು, ಪ್ಲಾಸ್ಟಿಕ್ ಡಬ್ಬಿಯೊಳಗೆ ಭದ್ರ ಮಾಡಿ ವಾಪಸು ಕಳಿಸುತ್ತವಂತೆ. ಯಾವುದು ಮೇಲು ಎಂದು ಪರಿಚಯದವರೊಬ್ಬರು ಮೊನ್ನೆ ಕೇಳಿದರು. ನನಗೇನು ಗೊತ್ತು? ಎಪ್ಪತ್ತರ ದಶಕದಲ್ಲಿ ನಾನು ವಿಜಾಪುರದಲ್ಲಿ ಹೈಸ್ಕೂಲು ಮಾಸ್ತರನಾಗಿದ್ದಾಗ ನಮ್ಮ ಸೀಮೆಯಲ್ಲಿ ದರ್ಜೆ ಹೇಳುವವರು ಮೂವರಿದ್ದರು. ಅವರನ್ನು ಬೇಕಾದರೆ ತೂಗಿ ನೋಡಬಲ್ಲೆ.

ಮೊದಲನೆಯವನು ಊರ ಬಜಾರದ ಪತ್ತಾರ, ಚಿನ್ನ-ಬೆಳ್ಳಿ ಕೆಲಸದವನು. ನಾಣ್ಯವನ್ನು ಕಲ್ಲಿನ ಮೇಲೆ ಬಡಿದು ಸದ್ದು ಕೇಳುತ್ತಿದ್ದ, ಒರೆಗಲ್ಲಿಗೆ ತಿಕ್ಕುತ್ತಿದ್ದ, ತೂಗುತ್ತಿದ್ದ. ಬೆಳ್ಳಿ ಎಷ್ಟು, ಬೆರಕೆ ಎಷ್ಟು ಎಂದು ಅವನು ಹೇಳಿದ್ದು ಎಂದೂ ತಪ್ಪಿದ್ದಿಲ್ಲ. ಆದರೆ ಮುನ್ನೂರು ವರ್ಷದ ಅಕ್ಷರ ಅವನ ಪಾಲಿಗೆ ಬರೀ ಕೊಳೆ. ಹುಣಸೆಹಣ್ಣು ಹಚ್ಚಿ ಫಳಫಳ ತಿಕ್ಕಿಯೇ ಕೊಡುತ್ತಿದ್ದ, ಅದೂ ಪುಕ್ಕಟೆಯಾಗಿ.

ಎರಡನೆಯವರು ತಿಕೋಟಾದ ಸಾವುಕಾರರು, ದ್ರಾಕ್ಷಿ ತೋಟದವರು. ಅವರ ಹತ್ತಿರ ಒಳ್ಳೆಯ ಭೂತಗನ್ನಡಿ ಇತ್ತು. ಗೊನೆ ಆರಿಸುವಂತೆ ನಾಣ್ಯಗಳನ್ನು ಐದು ಗುಂಪು ಮಾಡಿ ಸಾಲಾಗಿ ಇಡುತ್ತಿದ್ದರು. ಜಾಣರು. ಆದರೆ ನಾಣ್ಯ ಅವರದಾದರೆ ಒಂದು ಗುಂಪು ಮೇಲೆ, ನಮ್ಮದಾದರೆ ಒಂದು ಗುಂಪು ಕೆಳಗೆ. ಚಹಾ ಮಾತ್ರ ಇಬ್ಬರಿಗೂ ಒಂದೇ ದರ್ಜೆಯದು ಬರುತ್ತಿತ್ತು.

ಮೂರನೆಯವರು ಬಬಲೇಶ್ವರದಲ್ಲಿದ್ದ ನಿವೃತ್ತ ಮಾಸ್ತರು. ಅವರ ಬಳಿ ಒಂದೂ ಹಳೆಯ ನಾಣ್ಯ ಇರಲಿಲ್ಲ. ಇಟ್ಟುಕೊಂಡರೆ ಆಸೆ ಹುಟ್ಟುತ್ತದೆ, ಆಸೆ ಹುಟ್ಟಿದರೆ ಅಕ್ಷರ ಕಾಣುವುದಿಲ್ಲ ಎನ್ನುತ್ತಿದ್ದರು. ನಾಣ್ಯ ಯಾರದು, ಮಾರಲಿಕ್ಕೋ ಇಡಲಿಕ್ಕೋ ಎಂದು ಹೇಳಲು ಬಿಡುತ್ತಿರಲಿಲ್ಲ. ನಾಣ್ಯವನ್ನಷ್ಟೇ ನೋಡಿ, ಚೀಟಿಯ ಮೇಲೆ ಅದರ ಗುರುತು, ಅದರ ಕೆಳಗೆ ಉತ್ತಮವೋ ಮಧ್ಯಮವೋ ಸಾಧಾರಣವೋ ಬರೆದು, ಆ ಚೀಟಿಯಲ್ಲೇ ನಾಣ್ಯವನ್ನು ಸುತ್ತಿ ಕೊಡುತ್ತಿದ್ದರು. ನಾಣ್ಯವೂ ಚೀಟಿಯೂ ಅಗಲಬಾರದು ಎಂಬುದು ಅವರ ಕಟ್ಟಳೆ.

ಇನ್ನು ನನ್ನ ವಿಷಯ. ಸಾರವಾಡದಿಂದ ಯಲ್ಲವ್ವ ಎಂಬ ಹೆಣ್ಣುಮಗಳು ಪ್ರತಿ ಸೋಮವಾರ ನಮ್ಮ ಓಣಿಗೆ ಬೆಣ್ಣೆ ಮಾರಲು ಬರುತ್ತಿದ್ದಳು. ಕುರಿ ಕಾಯುವ ಮನೆತನ. ಒಂದು ದಿನ ಎಲೆ-ಅಡಿಕೆಯ ಚಂಚಿಯಿಂದ ಬೆಳ್ಳಿಯ ತಂತಿಯೊಂದನ್ನು ತೆಗೆದು ನನ್ನ ಕೈಗಿಟ್ಟಳು. ನೋಡುತ್ತಲೇ ಗುರುತು ಹತ್ತಿತು. ಆದಿಲಶಾಹಿ ಕಾಲದ ನಾಣ್ಯ! ಬೆರಳುದ್ದದ ಬೆಳ್ಳಿ ತಂತಿಯನ್ನು ಎರಡಾಗಿ ಮಡಚಿ, ಚಪ್ಪಟೆ ಮಾಡಿ, ಅಚ್ಚು ಒತ್ತಿದ್ದು. ನೋಡಿದವರು ತಲೆಯ ಪಿನ್ನು ಎನ್ನಬೇಕು. ತಂತಿ ಸಣ್ಣದು, ಅಚ್ಚು ದೊಡ್ಡದು. ಅದಕ್ಕೇ ಅಕ್ಷರಗಳು ಅರ್ಧಂಬರ್ಧವೇ ಮೂಡುವುದು. ಇದರಲ್ಲಿ ಮೂಡಿದ್ದು ಒಂದೂ ಮಾಸಿರಲಿಲ್ಲ.

“ಇಟ್ಕೊಳ್ಳು ಅಂಥಾದ್ದೋ, ಮಾರು ಅಂಥಾದ್ದೋ ನೀವ ಹೇಳ್ರಿ ಯಪ್ಪಾ. ನೀವು ಓದಿದಾವ್ರು,” ಅಂದಳು.

ನಾನು ಕನ್ನಡಕ ಏರಿಸಿ, ಇಳಿಸಿ, ಬೆಳಕಿಗೆ ಹಿಡಿದು, “ಸವದೈತಿ ಬಿಡವಾ,” ಅಂದೆ. ಪತ್ತಾರ ಕೊಡುವ ಬೆಳ್ಳಿಯ ಬೆಲೆಯನ್ನೇ ಕೊಟ್ಟೆ. ಆ ದುಡ್ಡಿಗೆ ಹಿಂದಿನ ಉಳಿತಾಯ ಕೂಡಿಸಿ ಅವಳು ಒಂದು ಆಡು ಕೊಂಡಳಂತೆ. ಸಂತೋಷದಿಂದ ಹೇಳಿದಳು, ನಾನೂ ಸಂತೋಷಪಟ್ಟಂತೆ ತಲೆಯಾಡಿಸಿದೆ. ಹೇಸಿಗೆಯ ಕೆಲಸ. ಇವತ್ತೂ ನೆನೆದರೆ ಮೈ ಹಿಡಿಯಾಗುತ್ತದೆ.

ಸಾವುಕಾರರ ಮುಂದೆ ಮೆರೆಯಲು ಒಂದು ಚೀಟಿ ಬೇಕಿತ್ತಲ್ಲ, ಬಬಲೇಶ್ವರಕ್ಕೆ ಹೋದೆ. ಮಾಸ್ತರು ತಂತಿಯನ್ನು ಒಮ್ಮೆ ಹೊರಳಿಸಿ ನೋಡಿ ನನ್ನ ಕಡೆಗೇ ಸರಿಸಿದರು.

“ಇದನ್ನ ಹೋದ ವರ್ಷನ ನೋಡೀನ್ರಿ. ಉತ್ತಮ ಅಂತ ಬರದು ಕೊಟ್ಟೀನಿ. ನಾಣ್ಯ ಬಂದದ, ಚೀಟಿ ಬಂದಿಲ್ಲ.”

ಯಾರದು ಎಂದು ಅವರು ಆಗಲೂ ಕೇಳಲಿಲ್ಲ. ಕೇಳಿದ್ದರೆ ಏನಾದರೂ ಒಂದು ಸುಳ್ಳು ಹೇಳಿ ಹಗುರಾಗುತ್ತಿದ್ದೆ.

ಬಬಲೇಶ್ವರದಿಂದ ವಿಜಾಪುರದ ಬಸ್ಸು ಸಾರವಾಡದ ಮೇಲೇ ಹೋಗುತ್ತದೆ. ಅಲ್ಲಿ ನಿಂತಾಗ ಇಳಿಯುವವರ ದಾರಿಗೆ ಅಡ್ಡವಾಗಬಾರದೆಂದು ಕಾಲು ಒಳಗೆ ಎಳೆದುಕೊಂಡು ಕೂತೆ. ಮುಂದೆ ಮೂರು ಸೋಮವಾರ ಯಲ್ಲವ್ವನ ದನಿ ಕೇಳುತ್ತಲೇ ಬಚ್ಚಲುಮನೆ ಸೇರಿದೆ. ಬೆಣ್ಣೆ ಬಂದಾಗಲೆಲ್ಲ ನಿಮಗೆ ಯಾಕೆ ಜಳಕದ ನೆನಪಾಗುತ್ತದೆ ಎಂದು ಹೆಂಡತಿ ಕೇಳಿದಳು. ಹೆಂಡತಿಯ ಎದುರು ತಪ್ಪೊಪ್ಪಿಕೊಳ್ಳುವುದಕ್ಕಿಂತ ಸಾರವಾಡವೇ ವಾಸಿ ಎನಿಸಿ, ನಾಲ್ಕನೆಯ ವಾರ ರವಿವಾರವೇ ಬಸ್ಸು ಹತ್ತಿದೆ.

ಯಲ್ಲವ್ವ ಕಟ್ಟೆಯ ಮೇಲೆ ಕೂತು ಉಣ್ಣೆ ಹಿಂಜುತ್ತಿದ್ದಳು. ತಂತಿಯನ್ನು ಅವಳ ಮುಂದಿಟ್ಟು, ಬಬಲೇಶ್ವರದ ಮಾಸ್ತರು ಕೊಟ್ಟ ಚೀಟಿ ಇದೆಯೇ ಎಂದು ಕೇಳಿದೆ. ಇತ್ತು. ಸುಣ್ಣ, ಅಡಿಕೆಯ ಕಲೆ ಹತ್ತಿ ಚಂಚಿಯ ತಳದಲ್ಲೇ ಇತ್ತು. ಅವತ್ತು ಯಾಕೆ ತೋರಿಸಲಿಲ್ಲ ಎಂದರೆ, ಓದಿದವರೇ ಎದುರಿಗೆ ಕೂತು ಹೇಳುವಾಗ ಕಾಗದ ಯಾಕೆ ಎಂದಳು.

“ಈಗರ ಓದ್ರಿ. ಏನ ಬರದಾರ?”

ಚೀಟಿ ಬಿಡಿಸಿ ಬೆಳಕಿಗೆ ಹಿಡಿದೆ. “ಉತ್ತಮ ಅಂತ ಬರದಾರ. ಮೂಡಿದ ಅಕ್ಷರ ಒಂದೂ ಮಾಸಿಲ್ಲ ಅಂತ ಬರದಾರ,” ಎಂದು ಓದಿದೆ. ನಾಣ್ಯ ನೀನೇ ಇಟ್ಟುಕೋ, ಆಡೂ ನಿನಗೇ ಇರಲಿ, ನಾನು ಹೇಳಿದ್ದು ಸರಿ ಇರಲಿಲ್ಲ ಎಂದೆ. ‘ಸುಳ್ಳು’ ಎಂಬ ಮಾತು ಬಾಯಿಗೆ ಬರಲಿಲ್ಲ.

ಅವಳು ತಂತಿಯನ್ನು ಚೀಟಿಯಲ್ಲಿ ಸುತ್ತಿ ಚಂಚಿಗೆ ಹಾಕಿದಳು. ಆಡಿನ ಹಾಲಿನ ಚಹಾ ಮಾಡಿಕೊಟ್ಟಳು. ನಾನು ಕುಡಿದು ಮುಗಿಸುವವರೆಗೂ ನನ್ನ ಮುಖವನ್ನೇ ನೋಡುತ್ತಿದ್ದು, ಆಮೇಲೆ ಮೆಲ್ಲಗೆ ಹೇಳಿದಳು.

“ಅವತ್ತ ನಿಮಗ ಸಮ ಕಂಡಿಲ್ಲ ಬಿಡ್ರಿ. ಚಷ್ಮಾ ಬದಲಿ ಮಾಡಸ್ರಿ ಯಪ್ಪಾ. ಮಕ್ಕಳಿಗೆ ಓದ ಕಲಸಾವ್ರು ನೀವು.”

ನಿಜವಾಗಿ ಹೇಳಿದಳೋ, ನನ್ನ ಮಾನ ಉಳಿಸಲು ಹೇಳಿದಳೋ, ಇವತ್ತಿಗೂ ನನಗೆ ತಿಳಿದಿಲ್ಲ. ಅವಳ ಮಾತು ಮೀರಲಾಗದೆ ಆ ವಾರವೇ ಕಣ್ಣಿನ ಡಾಕ್ಟರ ಹತ್ತಿರ ಹೋದೆ. ಅವರು ಗೋಡೆಯ ಮೇಲಿನ ಅಕ್ಷರಗಳನ್ನು ಓದಿಸಿದರು. ತೀರ ಕೆಳಗಿನ ಸಣ್ಣ ಸಾಲಿನವರೆಗೂ ಓದಿದೆ. ನಂಬರೇನೂ ಬದಲಾಗಿಲ್ಲ, ನಿಮ್ಮ ಕಣ್ಣು ಚೆನ್ನಾಗಿವೆ ಎಂದು ಹೇಳಿ ಕಳಿಸಿದರು.