ಸೌರ ಹಲಗೆಗೆ ಸೋಮವಾರದ ಅಭಿಷೇಕ

ಇಳಕಲ್ಲಿನ ನಮ್ಮ ಓಣಿಯಲ್ಲಿ ಕರೆಂಟು ಹೋದರೆ ನೀರೂ ಹೋಗುತ್ತಿತ್ತು. ಬೋರ್‌ವೆಲ್ಲಿನ ಮೋಟರಿಗೆ ಸೌರ ಹಲಗೆ ಕೂಡಿಸಿ, ಅದು ಬಿಸಿಲಿನಿಂದಲೇ ಓಡಲಿ ಎಂದು ನಾವು ಹೆಂಗಸರು ನಗರಸಭೆಗೆ ಅಲೆದೆವು. ಪಕ್ಕದ ಮನೆಯ ಅಜ್ಜಿಯೇ ನಮಗೆ ಮುಂದಾಳು. ವಾರ್ಡಿನ ಸದಸ್ಯರದು ಪ್ರತಿ ಸಲವೂ ಒಂದೇ ಮಾತು: "ಅಕ್ಕಾರ, ಗ್ರಾನೈಟ್ ಕೊರೆಯೋ ಊರಿದು. ಧೂಳು ಬಿದ್ರ ಆ ಹಲಗಿ ಒರಸಾವ್ರು ಯಾರು?"

"ನಿಮ್ಮ ಮನಿ ಟೀವಿ ಯಾರು ಒರಸ್ತಾರೋ ಅವ್ರ ಒರಸ್ತಾರ," ಎಂದಳು ಅಜ್ಜಿ.

ಕೊನೆಗೆ ನೀರಿನ ಟಾಕಿಯ ಪಕ್ಕದ ಪಂಪುಮನೆಯ ಮೇಲೆ ಸೌರ ಹಲಗೆ ಕೂಡಿಸಿದರು, ಅದೂ ಪರೀಕ್ಷೆಗೆ. ಸೋಮವಾರ ಸದಸ್ಯರ ಎದುರು ಟಾಕಿಗೆ ನೀರೇರಿದರೆ ಉಳಿದ ಓಣಿಗಳಿಗೂ ಉಂಟು, ಏರದಿದ್ದರೆ ಕಳಚಿ ಒಯ್ಯುತ್ತಾರೆ.

ಹೊಸ ಎತ್ತು ಬರಲಿ, ಹೊಸ ಮಗ್ಗ ಬರಲಿ, ಪೂಜೆಯಾಗದೆ ನಮ್ಮಲ್ಲಿ ಕೆಲಸಕ್ಕೆ ಹಚ್ಚುವುದಿಲ್ಲ. ಸೋಮವಾರ ಬೆಳಿಗ್ಗೆ ಏಣಿ ಹಾಕಿ, ಒಂದೊಂದು ಹಲಗೆಗೂ ನೆನೆಸಿದ ವಿಭೂತಿಯನ್ನು ಅಂಗೈಯಗಲದ ಪಟ್ಟೆಗಳಾಗಿ ಉದ್ದಕ್ಕೂ ಬಳಿದೆವು. ಮೇಲೆ ಚೆಂಡುಹೂವಿನ ಮಾಲೆ. ಹಲಗೆಗಳು ಮದುಮಕ್ಕಳ ಹಾಗೆ ಕೂತಿದ್ದವು.

ಬಿಸಿಲೇರಿದ ಮೇಲೆ ಸದಸ್ಯರು ಎಂಜಿನಿಯರ ಜೊತೆ ಬಂದರು. ಬಟನ್ ಒತ್ತಿದರೆ ಮೋಟರು ಒಮ್ಮೆ ಗುಂಯ್‌ಗುಟ್ಟಿ ಸುಮ್ಮನಾಯಿತು. ಎಂಜಿನಿಯರು ಏಣಿ ಹತ್ತಿ ನೋಡಿದ.

"ಸಾಹೇಬ್ರ, ಬಿಸಲು ಬೀಳಾಕ ಜಾಗಾನ ಇಲ್ರಿ!"

ಸದಸ್ಯರು ಮೀಸೆಯೊಳಗೇ ನಕ್ಕರು. "ನಾ ಧೂಳಿಂದು ಚಿಂತಿ ಮಾಡ್ತಿದ್ನಿ. ನೀವ ಬಳದು ಕೂತೀರಿ. ಒರಸ್ರಿ ಇನ್ನ."

ಮಾಲೆಯನ್ನೇನೋ ತೆಗೆದೆವು. ಪೂಜೆಗೆ ಇಟ್ಟ ವಿಭೂತಿಯನ್ನು ಅರಿವೆಯಿಂದ ಒರೆಸಲು ಮಾತ್ರ ಯಾರ ಕೈಯೂ ಏಳಲಿಲ್ಲ. ಎಲ್ಲರೂ ಅಜ್ಜಿಯ ಮುಖ ನೋಡಿದೆವು.

"ಒರಸೂದ್ಯಾಕ? ಪೂಜಿ ಇನ್ನೂ ಎಲ್ಲಿ ಮುಗದೈತಿ? ಅಭಿಷೇಕ ಆಗಬೇಕಲ್ಲ. ಕೊಡ ತರ್ರೆವ್ವಾ!"

ಮನೆಯಲ್ಲಿದ್ದದ್ದು ಹಿಡಿದಿಟ್ಟ ನೀರು. ಅನ್ನಕ್ಕೆಂದು ಮುಚ್ಚಿಟ್ಟ ಕೊಡವನ್ನು ನಾನೂ ಗೊಣಗುತ್ತಲೇ ಎತ್ತಿದೆ. ಅಭಿಷೇಕದಲ್ಲಿ ಕೈಯಾಡಿಸಲು ಅಡ್ಡಿಯಿಲ್ಲ, ಹಾಗಾಗಿ ಎಲ್ಲರೂ ಚೆನ್ನಾಗಿಯೇ ಕೈಯಾಡಿಸಿದರು. ವಿಭೂತಿಯ ಜೊತೆ ಗ್ರಾನೈಟಿನ ಧೂಳೂ ಇಳಿದು, ಕೆಳಗೆ ನಿಂತಿದ್ದ ಸದಸ್ಯರ ಬಿಳಿ ಜುಬ್ಬಾದ ಮೇಲೆ ಹರಿಯಿತು.

ಮತ್ತೆ ಬಟನ್ ಒತ್ತಿದರು. ಮೋಟರು ಹಿಡಿಯಿತು. ಟಾಕಿಯೊಳಗೆ ನೀರು ಧೋ ಎಂದು ಬಿದ್ದಾಗ, ಖಾಲಿ ಕೊಡ ಹಿಡಿದವರೆಲ್ಲ ನಲ್ಲಿಯ ಕಡೆ ಓಡಿದೆವು.

"ಆತು, ಉಳಿದ ಓಣಿಗೂ ಹಾಕಸೂಣು," ಎಂದರು ಸದಸ್ಯರು ಜುಬ್ಬಾದ ತೋಳು ಹಿಂಡುತ್ತ. "ಆದ್ರ ಧೂಳಿಂದು ಖರೆ ಹೇಳ್ರಿ, ಯಾರು?"

"ಸೋಮಾರಕ್ಕೊಮ್ಮೆ ಅಭಿಷೇಕ ಐತಲ್ರಿ," ಎಂದಳು ಅಜ್ಜಿ. "ನೀವೂ ಒಂದು ಕೊಡ ಹಿಡ್ಕೊಂಡು ಬರ್ರಿ."

ಆಗಾಗ ಬರುತ್ತಾರೆ. ಬಿಳಿ ಜುಬ್ಬಾ ಮಾತ್ರ ಮನೆಯಲ್ಲಿ ಬಿಟ್ಟು.